ಮೇಷ್ಟ್ರು ಬೆಳೆಯಲು ಬಿಟ್ಟ ಗ್ರಂಥಿ

ಅವರ ಬಲಗೈ ಹೆಬ್ಬೆರಳಿನ ತುದಿ ಚಪ್ಪಟೆಯಾಗಿತ್ತು. ದ್ರವ ಹೀರಿ ಬಿಡುವ ಪಿಪೆಟ್ಟಿನ ಗುಂಡಿಯನ್ನು ಒತ್ತಿ ಒತ್ತಿ ಅಲ್ಲಿನ ಚರ್ಮ ಗಟ್ಟಿಯಾಗಿ, ಹಳದಿಗೆ ತಿರುಗಿ, ಮೇಣದ ಹಾಗೆ ಹೊಳೆಯುತ್ತಿತ್ತು. ಇಷ್ಟು ಬರೆದ ಮೇಲೆ ಒಂದು ಹಳೆಯ ಫೋಟೋ ತೆಗೆದು ನೋಡಿದೆ. ಅದರಲ್ಲಿ ಅವರು ಪಿಪೆಟ್ಟನ್ನು ಎಡಗೈಯಲ್ಲಿ ಹಿಡಿದಿದ್ದಾರೆ. ಫೋಟೋ ತೆಗೆಯುವವನು ಹೇಳಿದ ಅಂತ ಕೈ ಬದಲಾಯಿಸಿದ್ದರೋ, ನನ್ನ ನೆನಪೇ ಬದಲಾಯಿಸಿಕೊಂಡಿದೆಯೋ ತಿಳಿಯದು. ಹೆಬ್ಬೆರಳು ಚಪ್ಪಟೆಯಾಗಿದ್ದದ್ದು ನಿಜ. ಅಷ್ಟನ್ನು ಇಟ್ಟುಕೊಂಡು ಮುಂದೆ ಹೋಗುತ್ತೇನೆ.

ಅವರು ನನ್ನ ಗೈಡು. ಎದುರಿಗೆ ಸರ್, ಬೆನ್ನ ಹಿಂದೆ ಮೇಷ್ಟ್ರು. ಚಾಮರಾಜಪೇಟೆಯ ಹಳೆಯ ಕಟ್ಟಡವೊಂದರ ಮಹಡಿಯಲ್ಲಿ ನಮ್ಮ ಪ್ರಯೋಗಾಲಯ. ಅದರ ತುದಿಯಲ್ಲಿ ಗಾಜಿನ ಬಾಗಿಲಿನ ಒಂದು ಸಣ್ಣ ಕೋಣೆ. ದೇಹದಿಂದ ತೆಗೆದ ಜೀವಕೋಶಗಳನ್ನು ಪ್ಲಾಸ್ಟಿಕ್ ಸೀಸೆಗಳಲ್ಲಿ ಸಾಕುವುದು ಅಲ್ಲಿ. ನಾನು ವಿದ್ಯಾರ್ಥಿನಿಯಾಗಿ ಆ ಕೋಣೆಗೆ ಬಂದೆ, ಈಗ ಅದನ್ನು ನೋಡಿಕೊಳ್ಳುವವಳು ನಾನೇ. ನಿವೃತ್ತರಾದ ಮೇಲೂ ಮೇಷ್ಟ್ರು ಬರುವುದನ್ನು ಬಿಡಲಿಲ್ಲ. ಸಂಸ್ಥೆಯವರು ಕಿಟಕಿಯ ಪಕ್ಕ ಒಂದು ಮೇಜು ಕೊಟ್ಟು ಸುಮ್ಮನಾದರು.

ಕೋಣೆಗೆ ಹೋಗುವ ಮುನ್ನ ಅವರು ಮೊಣಕೈವರೆಗೂ ಸ್ಪಿರಿಟ್ ಸುರಿದುಕೊಳ್ಳುತ್ತಿದ್ದರು. ದಿನವಿಡೀ ಆ ವಾಸನೆ ಅವರ ಮೈಗೆ ಅಂಟಿಕೊಂಡಿರುತ್ತಿತ್ತು. ಒಮ್ಮೆ ಬಸ್ಸಿನಲ್ಲಿ ಪಕ್ಕದಲ್ಲಿದ್ದವನು ಮೂಗು ಮುಚ್ಚಿಕೊಂಡು, "ಬೆಳಗ್ಗೆ ಬೆಳಗ್ಗೇನೇ ಶುರು ಹಚ್ಕೊಂಡವ್ರಲ್ಲಪ್ಪ ಯಜಮಾನ್ರು" ಅಂದನಂತೆ. ಇದನ್ನು ಅವರು ಎಲ್ಲರಿಗೂ ಖುಷಿಯಿಂದ ಹೇಳುತ್ತಿದ್ದರು. ಇನ್ನೊಮ್ಮೆ ಇದೇ ಕಥೆಯನ್ನು ಹೇಳುವಾಗ ಅದು ಬಸ್ಸಾಗಿರಲಿಲ್ಲ, ಯಾರದೋ ಮದುವೆಯ ಊಟದ ಪಂಕ್ತಿಯಾಗಿತ್ತು. ಹಾಗಾಗಿ ನೆನಪಿನ ವಿಷಯದಲ್ಲಿ ನಂಬಿಕೆಗೆ ಅನರ್ಹಳು ನಾನೊಬ್ಬಳೇ ಅಲ್ಲ.

ಅವರ ಆಯುಸ್ಸಿನ ಪ್ರಶ್ನೆ ಒಂದೇ. ಗಂಡಸರಿಗೆ ಮೂತ್ರಕೋಶದ ಕೆಳಗೆ, ಮೂತ್ರ ಹೋಗುವ ನಾಳವನ್ನು ಸುತ್ತುವರಿದು ಪ್ರಾಸ್ಟೇಟ್ ಎಂಬ ಗ್ರಂಥಿ ಇರುತ್ತದೆ. ಹರೆಯದಲ್ಲಿ ನೆಲ್ಲಿಕಾಯಿ ಗಾತ್ರಕ್ಕೆ ಬೆಳೆದು ನಿಲ್ಲುತ್ತದೆ. ಆಮೇಲೆ, ಅರ್ಧ ಜೀವನ ಕಳೆದ ಮೇಲೆ, ಮತ್ತೆ ಬೆಳೆಯಲು ಶುರುಮಾಡುತ್ತದೆ. ಕ್ಯಾನ್ಸರ್ ಅಲ್ಲ, ಬರೀ ಬೆಳವಣಿಗೆ. ಅದು ನಾಳವನ್ನು ಒತ್ತುತ್ತದೆ, ಮೂತ್ರ ಕಟ್ಟುತ್ತದೆ. ಮತ್ತೆ ಬೆಳೆ ಎಂದು ಅದಕ್ಕೆ ಹೇಳಿದವರು ಯಾರು? ಮೇಷ್ಟ್ರು ಕೇಳುತ್ತಿದ್ದದ್ದು ಇಷ್ಟೇ.

ನನ್ನ ಅಮ್ಮ ನೆಂಟರಿಗೆಲ್ಲ, "ಹಾರ್ಮೋನ್ ಮೇಲೆ ಏನೋ ಮಾಡ್ತಿದಾಳೆ" ಅನ್ನುತ್ತಿದ್ದಳು. ನನ್ನನ್ನು ನೋಡಲು ಬಂದ ಒಂದು ಗಂಡಿನ ಕಡೆಯವರು ಯಾವ ಹಾರ್ಮೋನು ಅಂತ ಕೇಳಿದರು. ನಾನು ಹೇಳಿದೆ. ಗಂಡಿನ ಅಪ್ಪ ಚೌಚೌಬಾತ್ ತಟ್ಟೆಯನ್ನು ಕೆಳಗಿಟ್ಟು, ಸ್ವಲ್ಪ ಹೊತ್ತು ಬಿಟ್ಟು, ನನ್ನನ್ನು ಪಕ್ಕಕ್ಕೆ ಕರೆದು ತಮ್ಮ ತೊಂದರೆಯನ್ನು ವಿವರಿಸಿದರು. ಮದುವೆ ಆಗಲಿಲ್ಲ. ಮೇಷ್ಟ್ರಿಗೆ ಇದನ್ನು ಹೇಳಿದಾಗ ಅವರು ನಗಲಿಲ್ಲ. "ಎಲ್ಲಿ ಆಪರೇಷನ್ ಮಾಡಿಸ್ಕೋತಾರಂತೆ?" ಅಂತ ಕೇಳಿದರು.

ಗ್ರೋತ್ ಫ್ಯಾಕ್ಟರ್ ಅಂದರೆ ಎಲ್ಲರೂ ಗೊಬ್ಬರ ಅಂದುಕೊಳ್ಳುತ್ತಾರೆ ಎನ್ನುವುದು ಅವರಿಗೆ ದೊಡ್ಡ ಸಿಟ್ಟು. ಅವರದು ತರಕಾರಿ ಬೆಳೆದು ಮಾರುತ್ತಿದ್ದವರ ಮನೆ. ಗೊಬ್ಬರದ ವಿಷಯದಲ್ಲಿ ಸಡಿಲ ಮಾತು ಅವರಿಗೆ ಆಗುತ್ತಿರಲಿಲ್ಲ.

"ಗೊಬ್ಬರ ಅಲ್ಲಮ್ಮ ಅದು, ಮಾತು. ಒಂದು ಕೋಶ ಪಕ್ಕದ ಕೋಶಕ್ಕೆ ಹೇಳೋ ಮಾತು. ನಾವು ಚಿಕ್ಕವರಿದ್ದಾಗ ವಠಾರದಲ್ಲಿ ಒಂದೇ ನಲ್ಲಿ. ಒಬ್ಬಳು 'ನೀರು ಬಂತು' ಅಂತ ಕೂಗಿದ್ರೆ ಎಲ್ಲರೂ ಬಿಂದಿಗೆ ಹಿಡ್ಕೊಂಡು ಓಡೋರು. ಗ್ರಂಥೀಲೂ ಹಂಗೇ. ಗಂಡಸಿನ ಹಾರ್ಮೋನು ಎಲ್ಲರ ಮನೆಗೂ ಹೋಗಿ ಹೇಳಲ್ಲ. ಸುತ್ತ ಆಧಾರಕ್ಕೆ ಅಂತ ಇರೋ ಕೋಶಗಳ ಕಿವೀಲಿ ಹೇಳತ್ತೆ. ಅವು ಗ್ರೋತ್ ಫ್ಯಾಕ್ಟರ್ ಬಿಟ್ಟು ಪಕ್ಕದವರಿಗೆಲ್ಲ ಕೂಗ್ತವೆ, ಬೆಳೀರಿ ಅಂತ. 'ಸಾಕು, ನಿಲ್ಸಿ' ಅಂತ ಕೂಗೋ ಇನ್ನೊಂದು ಫ್ಯಾಕ್ಟರೂ ಇರತ್ತೆ. ವಯಸ್ಸಾದ್ಮೇಲೆ ಯಾರ ಗಂಟಲು ಜೋರಾಯ್ತು, ಯಾರ ಕಿವಿ ಮಂದ ಆಯ್ತು? ಅದನ್ನ ಹುಡುಕೋದು ನಮ್ ಕೆಲಸ."

ಇದು ಅವರ ಮಾತೇ. ಆದರೆ ಒಂದೇ ಸಲ ಹೀಗೆ ಓರಣವಾಗಿ ಹೇಳಿದ್ದಲ್ಲ. ಹಲವು ವರ್ಷಗಳಲ್ಲಿ ಹಲವು ತುಂಡುಗಳಾಗಿ ಹೇಳಿದ್ದನ್ನು ನಾನು ಇಲ್ಲಿ ಹೊಲಿದಿದ್ದೇನೆ. ಇನ್ನೊಂದು ತುಂಡು ಈ ಹೊಲಿಗೆಗೆ ಸೇರದೆ ಉಳಿದಿದೆ: "ಕೋಶ ಜಾಸ್ತಿ ಹುಟ್ಟೋದಲ್ಲಮ್ಮ ತೊಂದ್ರೆ. ಸಾಯೋದು ಕಮ್ಮಿಯಾಗಿರೋದು."

ತುಂಬಾ ದೊಡ್ಡದಾದ ಗ್ರಂಥಿಗಳಲ್ಲಿ 'ಸಾಕು' ಎನ್ನುವ ಸಂದೇಶ ಕೋಶಗಳಿಗೆ ಕೇಳಿಸುವುದೇ ಇಲ್ಲ ಎಂಬುದು ಅವರ ಊಹೆ. ಅದನ್ನು ತೋರಿಸಬೇಕಾದರೆ ಅಂಥ ದೊಡ್ಡ ಗ್ರಂಥಿಯೊಂದರಿಂದ ಜೀವಂತ ಕೋಶಗಳು ಬೇಕು. ಅವು ಸಿಗುತ್ತಿರಲಿಲ್ಲ. ಹಿಂದೆ ಹೊಟ್ಟೆ ಕೊಯ್ದು ಗ್ರಂಥಿಯನ್ನು ಇಡಿಯಾಗಿ ತೆಗೆಯುತ್ತಿದ್ದ ಕಾಲದಲ್ಲಿ ತೊಂದರೆ ಇರಲಿಲ್ಲ. ಈಗ ಮೂತ್ರನಾಳದೊಳಗಿಂದಲೇ ಹೋಗಿ ವಿದ್ಯುತ್ತಿನ ತಂತಿಯಲ್ಲಿ ಕೆರೆದು ತೆಗೆಯುತ್ತಾರೆ. ಆಸ್ಪತ್ರೆಯಿಂದ ನಮಗೆ ಬರುತ್ತಿದ್ದ ಚೂರುಗಳ ಅಂಚು ಎಣ್ಣೆಯಲ್ಲಿ ಹೊತ್ತಿದ ಸಂಡಿಗೆಯಂತೆ ಕಪ್ಪಾಗಿರುತ್ತಿತ್ತು. ಮೇಷ್ಟ್ರು ಬ್ಲೇಡಿನಿಂದ ನಡುವಿನ ತಿರುಳನ್ನು ಬಿಡಿಸಲು ಕೂರುತ್ತಿದ್ದರು. ಬಹಳ ಸಲ ತಿರುಳೇ ಇರುತ್ತಿರಲಿಲ್ಲ.

ಯಾರು ಚೂರು ತಂದರೂ ಅವರ ಪ್ರಶ್ನೆಗಳು ಬದಲಾಗುತ್ತಿರಲಿಲ್ಲ. ಸುಟ್ಟಿದೆಯಾ? ಪೇಷೆಂಟು ಮಾತ್ರೆ ತಗೋತಿದ್ರಾ? ಗ್ರಂಥಿಯನ್ನು ಕುಗ್ಗಿಸುವ ಮಾತ್ರೆಯೊಂದಿದೆ. ಅದು ಹಾರ್ಮೋನನ್ನು ತಡೆಯುತ್ತದೆ, ಒಳಗಿನ ಮಾತುಕತೆಯನ್ನೇ ಬದಲಾಯಿಸುತ್ತದೆ. ಅದನ್ನು ತೆಗೆದುಕೊಂಡವರ ಅಂಗಾಂಶವನ್ನು ಅವರು ಮುಟ್ಟುತ್ತಿರಲಿಲ್ಲ. "ಎಸೀರಿ" ಅನ್ನುತ್ತಿದ್ದರು. ಆಸ್ಪತ್ರೆಯ ಐಸ್ ಡಬ್ಬಿ ಹಿಡಿದು ಬಿಸಿಲಿನಲ್ಲಿ ಬಂದವಳು ನಾನು ಎಂಬುದು ಲೆಕ್ಕಕ್ಕಿರಲಿಲ್ಲ.

ಅವರ ಮನೆ ಹನುಮಂತನಗರದಲ್ಲಿ. ಅದೇ ರಸ್ತೆಯ ಮೂಲೆಯಲ್ಲಿ ಅವರ ತಮ್ಮನ ತರಕಾರಿ ಅಂಗಡಿ. ಒಂದು ಸಂಜೆ ಮೇಷ್ಟ್ರ ಜೊತೆ ಮನೆಗೆ ಹೋಗುವಾಗ ಆ ತಮ್ಮ, ದಂಟಿನ ಸೊಪ್ಪಿನ ರಾಶಿಯ ಹಿಂದಿನಿಂದ ನಮ್ಮನ್ನು ಕೂಗಿದರು.

"ಬಾರಣ್ಣ. ಅಮ್ಮಾ, ನೀವೂ ಬನ್ನಿ. ನಿಮ್ ಸಾರ್ ಓದ್ತಾರಲ್ಲ ಒಂದು ಖಾಯಿಲೆ, ನಂಗದೇ ಬಂದಿತ್ತು ಗೊತ್ತಾ? ಲೇಸರ್ ಹಾಕುದ್ರು. ವಾರಕ್ಕೆಲ್ಲ ಬಂದು ತಕ್ಕಡಿ ಹಿಡ್ದೆ."

"ಹೇಳದೆ ಕೇಳದೆ ಹೋಗಿ ಮಾಡಿಸ್ಕೊಂಡ್ಬಂದ" ಎಂದರು ಮೇಷ್ಟ್ರು ನನ್ನ ಕಡೆ ತಿರುಗಿ. "ಒಂದು ಮಾತು ಹೇಳಿದ್ರೆ ಇವಳ ಕೈಲಿ ಡಬ್ಬಿ ಕಳಿಸ್ತಿದ್ದೆ. ಒಂದೇ ತಾಯಿ ಮಕ್ಕಳು ನಾವು. ಅಷ್ಟೂ ಹೊಗೆಯಾಗಿ ಹೋಯ್ತಲ್ಲೋ!"

"ಕೇಳಿದ್ರಾ ಅಮ್ಮ? ತಮ್ಮ ಬದುಕಿ ಬಂದ ಅಂತ ಸಂತೋಷ ಇಲ್ಲ ಇವ್ನಿಗೆ. ಗಡ್ಡೆ ಹೋಯ್ತು ಅಂತ ಅಳ್ತವ್ನೆ."

ಬದನೆಕಾಯಿ ಆರಿಸುತ್ತಿದ್ದ ಹೆಂಗಸೊಬ್ಬರು ನಗು ತಡೆಯಲಾರದೆ ಪಕ್ಕಕ್ಕೆ ತಿರುಗಿದರು. ಮೇಷ್ಟ್ರ ತಮ್ಮ ದನಿ ತಗ್ಗಿಸಿ, "ನೀನ್ಯಾವಾಗ ತೆಗ್ಸೋದು? ಅತ್ತಿಗೆ ಹೇಳ್ತಿದ್ರು, ರಾತ್ರಿಯೆಲ್ಲ ಎದ್ದು ಓಡಾಡ್ತೀಯಂತೆ" ಅಂದರು. ಮೇಷ್ಟ್ರು ಹುರುಳಿಕಾಯಿ ಮುರಿದು ಎಳೆಯದೋ ಅಂತ ನೋಡತೊಡಗಿದರು.

ಮನೆಯಲ್ಲಿ ಅವರ ಹೆಂಡತಿ, ನಾವೆಲ್ಲ ಆಂಟಿ ಅಂತ ಕರೆಯುತ್ತಿದ್ದವರು, ಅಡುಗೆಮನೆಯಿಂದಲೇ ಶುರುಮಾಡಿದರು. "ಇವರು ಬಚ್ಚಲುಮನೆಗೆ ಹೋದ್ರೆ ನಲ್ಲಿ ಬಿಟ್ಕೊಂಡು ನಿಂತ್ಕೋತಾರೆ ಕಣಮ್ಮ. ನೀರಿನ ಸದ್ದು ಕೇಳಿದ್ರೆ ಬರತ್ತಂತೆ. ಟ್ಯಾಂಕ್ ಖಾಲಿಯಾಗತ್ತೆ, ಇವರು ಮಾತ್ರ ಖಾಲಿಯಾಗಲ್ಲ." ಮೇಷ್ಟ್ರು, "ಶಿಷ್ಯೆ ಮುಂದೆ ಹೇಳೋ ಮಾತೇನೇ ಇದು?" ಅಂದರು. "ಅವಳು ಓದ್ತಿರೋದೇ ಅದನ್ನಲ್ವೇನ್ರೀ" ಅಂದರು ಆಂಟಿ. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ದಿನಾ ತೆಗೆದುಕೊಳ್ಳುತ್ತಾರೆ, ನಿಧಾನವಾಗಿ ಸರಿಹೋಗುತ್ತದೆ ಎಂದು ಆಮೇಲೆ ಅವರೇ ಸಮಾಧಾನ ಹೇಳಿಕೊಂಡರು.

ಅದು ಮಿತಿ ಮೀರಿದ್ದು ಒಂದು ಮಧ್ಯಾಹ್ನ. ಮೇಷ್ಟ್ರು ಗಾಜಿನ ಕೋಣೆಯಲ್ಲಿ ಸೀಸೆಗಳ ಪೋಷಕ ದ್ರವ ಬದಲಾಯಿಸುತ್ತಿದ್ದರು. ನಾನು ಹೊರಗಿನಿಂದ ನೋಡಿದಾಗ ಅವರ ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು. ಒಳಗೆ ಎಸಿ ಓಡುತ್ತಿತ್ತು.

"ಸರ್, ಏನಾಯ್ತು?"

"ಇರು. ಇನ್ನು ಸ್ವಲ್ಪ ಇದೆ. ಮುಗಿಸ್ಬಿಡ್ತೀನಿ."

ಮುಗಿಸಿದರು. ಮುಚ್ಚಳ ಬಿಗಿದರು, ಮೇಜು ಒರೆಸಿದರು, ಕೈಗವಸು ಕಳಚಿ ಕಸದ ಡಬ್ಬಿಗೆ ಹಾಕಿದರು. ಆಮೇಲೆ ಗೋಡೆ ಹಿಡಿದುಕೊಂಡು, "ಬೆಳಗ್ಗೆಯಿಂದ ಒಂದು ಹನಿ ಹೋಗಿಲ್ಲಮ್ಮ" ಅಂದರು. ಆಟೋದಲ್ಲಿ ಪ್ರತಿ ಉಬ್ಬಿಗೂ ಮುಂದಿನ ಕಬ್ಬಿಣದ ಸರಳನ್ನು ಹಿಡಿದು ಮೇಲೇಳುತ್ತಿದ್ದರು. ಆಟೋದವನು, "ಯಜಮಾನ್ರೇ, ನಿಧಾನಕ್ಕೇ ಹೋಗ್ತಿದೀನಿ" ಅಂದ. ಮೇಷ್ಟ್ರು, "ನಿಧಾನ ಬೇಡ ಗುರು" ಅಂದರು. ಅವರ ಬಾಯಲ್ಲಿ ಗುರು ಎಂಬ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ.

ಆಸ್ಪತ್ರೆಯಲ್ಲಿ ಕೊಳವೆ ಹಾಕಿದರು. ಚೀಲ ತುಂಬಿತು, ಬದಲಾಯಿಸಿದರು, ಮತ್ತೆ ತುಂಬಿತು. ಸ್ಕ್ಯಾನಿನಲ್ಲಿ ಗ್ರಂಥಿ ದೊಡ್ಡ ಮೂಸಂಬಿಯಷ್ಟಿತ್ತು. ಮೂತ್ರ ಹಿಂದಕ್ಕೆ ಒತ್ತಿ ಒತ್ತಿ ಎರಡೂ ಮೂತ್ರಪಿಂಡ ಊದಿಕೊಂಡಿದ್ದವು. ಅವು ಊದಿಕೊಂಡು ಬಹಳ ಕಾಲವಾಗಿದೆ, ಎಷ್ಟು ಚೇತರಿಸಿಕೊಳ್ಳುತ್ತವೋ ಹೇಳಲಾಗದು ಎಂದರು. ಸರ್ಜನ್ ಮೇಷ್ಟ್ರಿಗೆ ಹಳೆಯ ಪರಿಚಯ. ನಮಗೆ ಚೂರುಗಳನ್ನು ಕೊಡುತ್ತಿದ್ದವರು ಅವರೇ, ಮಾತ್ರೆ ಬರೆದುಕೊಟ್ಟಿದ್ದವರೂ ಅವರೇ.

"ಮಾತ್ರೆ ತಗೊಂಡೂ ಇಷ್ಟು ಬೆಳೆದಿದ್ಯಾ ಸರ್?"

"ಅದನ್ನೇ ನಾನೂ ಕೇಳ್ತಿದೀನಿ ಡಾಕ್ಟ್ರೇ" ಎಂದರು ಆಂಟಿ. "ದಿನಾ ಊಟ ಆದ್ಮೇಲೆ ನೀರು ಕೊಡೋದು ನಾನೇ."

ಮೇಷ್ಟ್ರು ಸೀಲಿಂಗ್ ನೋಡುತ್ತಿದ್ದರು. "ತಗೊಂಡಿಲ್ಲ" ಅಂದರು.

"ಅಂದ್ರೆ?"

"ನೀರು ಕುಡೀತಿದ್ದೆ. ಮಾತ್ರೆ ತಗೋತಿರಲಿಲ್ಲ. ತಗೊಂಡ್ರೆ ಆ ಅಂಗಾಂಶ ಕೆಲಸಕ್ಕೆ ಬರಲ್ಲ."

ಸರ್ಜನ್ ನನ್ನನ್ನು ನೋಡಿದರು. ನಾನು ಚೀಲವನ್ನು ನೋಡಿದೆ. ಆಂಟಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಗ್ರಂಥಿ ಸಾಕಷ್ಟು ದೊಡ್ಡದಾದರೆ ಕೆರೆದು ತೆಗೆಯಲು ಆಗುವುದಿಲ್ಲ, ಹೊಟ್ಟೆ ಕೊಯ್ದೇ ತೆಗೆಯಬೇಕು, ಆಗ ಸುಡದ, ಮಾತ್ರೆ ಸೋಕದ ಇಡೀ ಗ್ರಂಥಿ ಸಿಗುತ್ತದೆ. ಹಾಗೆಂದು ಅವರು ಕಾದಿದ್ದರು. ಬೇರೆಯವರ ಚೂರುಗಳಿಗೆ ಹಾಕುತ್ತಿದ್ದ ನಿಯಮಗಳನ್ನೇ ತಮ್ಮ ಮೈಗೆ ಹಾಕಿಕೊಂಡಿದ್ದರು.

"ಬೆಳೆಸ್ಕೊಂಡ್ರಾ?" ಎಂದರು ಆಂಟಿ. "ಬೇಕೂಂತ ಬೆಳೆಸ್ಕೊಂಡ್ರಾ?"

"ಅದು ತಾನೇ ಬೆಳೀತು. ನಾನು ತಡೀಲಿಲ್ಲ ಅಷ್ಟೆ."

ಸರ್ಜನ್ ಕುರ್ಚಿ ಎಳೆದುಕೊಂಡು ಕೂತರು. "ಸರ್, ದೊಡ್ಡದಾದ್ರೆ ಕೊಯ್ಲೇಬೇಕು ಅನ್ನೋದು ಹಳೇ ಕಥೆ. ಈಗ ಇದಕ್ಕಿಂತ ದೊಡ್ಡದನ್ನೂ ಲೇಸರ್‌ನಲ್ಲೇ ಬಿಡಿಸ್ತೀವಿ. ಒಳಗೇ ಪುಡಿ ಮಾಡಿ ಹೀರಿ ತೆಗೀತೀವಿ. ನಿಮಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ. ಗ್ರಂಥಿಯೊಳಗೆ ನಡೆಯುವುದರ ಬಗ್ಗೆ ಬಂದದ್ದನ್ನೆಲ್ಲ ಓದುತ್ತಿದ್ದವರು ಆಪರೇಷನ್ ಥಿಯೇಟರಿನಲ್ಲಿ ಏನು ಬದಲಾಗಿದೆ ಎಂದು ನೋಡಿರಲಿಲ್ಲ. ಕಣ್ಣು ಮುಚ್ಚಿಕೊಂಡರು. ನಿದ್ದೆಯೋ ಏನೋ ಅನ್ನಿಸುವಷ್ಟು ಹೊತ್ತು ಮುಚ್ಚಿಕೊಂಡೇ ಇದ್ದರು.

ಇಲ್ಲಿಂದ ಮುಂದೆ ಕಥೆ ಒಂದೇ ಆಗಿ ಉಳಿಯುವುದಿಲ್ಲ. ಅಂಗಾಂಶಕ್ಕಾಗಿ ಕಾದರು ಎನ್ನುವುದು ಮೇಷ್ಟ್ರೇ ಹೇಳಿದ ಮಾತು, ನಾನು ನಂಬಿದ ಮಾತು. ತಮ್ಮನ ಪ್ರಕಾರ ಅವರಿಗೆ ಚಿಕ್ಕಂದಿನಿಂದಲೂ ಆಸ್ಪತ್ರೆ ಅಂದರೆ ಹೆದರಿಕೆ, ಹೆದರಿಕೆಗೆ ಓದಿದವರು ದೊಡ್ಡ ಕಾರಣ ಹುಡುಕಿಕೊಳ್ಳುತ್ತಾರೆ, ಅಷ್ಟೇ. ಹಳೆಯ ಪರಿಚಯದ ಡಾಕ್ಟರ ಮುಂದೆ ಪಂಚೆ ಬಿಚ್ಚಲು ಮೇಷ್ಟ್ರಿಗೆ ಸಂಕೋಚವಿತ್ತು ಎಂದು ಸರ್ಜನ್ ಅನ್ನುತ್ತಾರೆ. ಯಾವುದೋ ಒಂದನ್ನು ಆರಿಸಿ ಇದೇ ಅಂತ ಬರೆದರೆ ವ್ಯಕ್ತಿಚಿತ್ರ ಚೆಂದ ಕಾಣುತ್ತದೆ. ಮೂರೂ ಒಂದೇ ಮೈಯಲ್ಲಿ ಇದ್ದಿರಬಹುದು. ಮೂತ್ರಪಿಂಡಕ್ಕೆ ಕಾರಣ ಯಾವುದಾದರೇನು, ಎಲ್ಲ ಒಂದೇ.

ಎರಡು ದಿನ ಮೇಷ್ಟ್ರು ಲೇಸರ್ ಬೇಡವೆಂದು ಹಟ ಹಿಡಿದರು. ಈ ಮೂತ್ರಪಿಂಡ ಇಟ್ಟುಕೊಂಡು ದೊಡ್ಡದಾಗಿ ಕೊಯ್ಯುವುದು ಸಾಧ್ಯವೇ ಇಲ್ಲ ಎಂದು ಸರ್ಜನ್ ಹಟ ಹಿಡಿದರು. ಕೊನೆಗೆ ಸರ್ಜನ್ ಒಂದು ದಾರಿ ಹೇಳಿದರು. ಲೇಸರಿನಿಂದ ಗ್ರಂಥಿಯ ಭಾಗವನ್ನು ಇಡಿಯಾಗಿ ಬಿಡಿಸಿ ಮೂತ್ರಕೋಶಕ್ಕೆ ತಳ್ಳುವುದು. ಅಲ್ಲಿ ಪುಡಿ ಮಾಡುವ ಬದಲು ಹೊಟ್ಟೆಯ ಕೆಳಗೆ ಸಣ್ಣದಾಗಿ ಕೊಯ್ದು ಹೊರತೆಗೆಯುವುದು. ಹೊರಮೈ ಸುಟ್ಟಿರುತ್ತದೆ, ಒಳಗಿನ ತಿರುಳು ಹಾಗೇ ಇರುತ್ತದೆ. ಆದರೆ ಆ ಕೊಯ್ತ ರೋಗಿಗೆ ಬೇಕಾದದ್ದಲ್ಲ, ಪ್ರಯೋಗಕ್ಕೆ ಬೇಕಾದದ್ದು. ಮನೆಯವರು ಒಪ್ಪದೆ ನಾನು ಮಾಡುವುದಿಲ್ಲ ಎಂದರು.

ಆಂಟಿ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ.

"ನೀನು ಹೇಳು. ಬೇಕಾ ಅದು ನಿಮಗೆ?"

"ಸಿಕ್ಕಿದ್ರೆ ಒಳ್ಳೇದು ಆಂಟಿ. ಆದ್ರೆ ಬೇಡ ಅಂದ್ರೂ ಸರಿ."

"ನನ್ನ ಕೇಳಿದ್ರೆ ಬೇಡ." ವಾರ್ಡಿನ ಬಾಗಿಲ ಕಡೆ ನೋಡಿದರು. "ಆದ್ರೆ ಬೇಡ ಅಂದ್ರೆ ಬದುಕಿರೋವರೆಗೂ ಅದನ್ನೇ ಹೇಳ್ತಿರ್ತಾರೆ. ಅನ್ನ ಕಲಸ್ಕೊಳ್ಳೋವಾಗ್ಲೂ ಅದೇ. ನಂಗದನ್ನ ಕೇಳೋಕಾಗಲ್ಲ. ತಗೊಳ್ಳಿ ಅನ್ನು."

ಆಪರೇಷನ್ ದಿನ ಥಿಯೇಟರಿನ ಹೊರಗೆ ಐಸ್ ಡಬ್ಬಿ ಹಿಡಿದು ನಿಂತಿದ್ದೆ. ನರ್ಸ್ ತಂದುಕೊಟ್ಟ ಬಾಟಲಿಯನ್ನು ಇಟ್ಟುಕೊಂಡು ಹೊರಟೆ. ಮೇಷ್ಟ್ರು ಹೇಗಿದ್ದಾರೆ ಎಂದು ಕೇಳುವುದು ಪ್ರಯೋಗಾಲಯ ತಲುಪಿದ ಮೇಲೆ ನೆನಪಾಯಿತು. ಸುಟ್ಟ ಹೊರಮೈಯನ್ನು ಹೆರೆದು ತೆಗೆದೆ. ಒಳಗೆ ಬಿಳಿಚಾದ, ಒದ್ದೆಯಾದ, ಗಂಟುಗಂಟಾದ ತಿರುಳು. ಅವರು ಕಲಿಸಿದ ಹಾಗೆಯೇ ಚಿಕ್ಕದಾಗಿ ಕೊಚ್ಚಿದೆ. ಆ ಹೊತ್ತಿನಲ್ಲಿ ನನಗೇನಾದರೂ ಅನ್ನಿಸಿತೇ ಎಂದು ಜನ ಕೇಳುತ್ತಾರೆ. ಬ್ಲೇಡ್ ಹರಿತವಿಲ್ಲ ಅನ್ನಿಸಿತು. ಬದಲಾಯಿಸಿದೆ.

ಕೋಶಗಳು ಚೆನ್ನಾಗಿ ಹಿಡಿದವು. ಗ್ರಂಥಿಯ ಕೋಶಗಳು ಒಂದು ಸೀಸೆಯಲ್ಲಿ, ಅವುಗಳ ಆಧಾರದ ಕೋಶಗಳು ಇನ್ನೊಂದರಲ್ಲಿ. ಕೆಲವು ವಾರಗಳ ಮೇಲೆ ಮೇಷ್ಟ್ರು ತಮ್ಮನ ತೋಳು ಹಿಡಿದುಕೊಂಡು ಮಹಡಿ ಹತ್ತಿ ಬಂದರು. ಸೂಕ್ಷ್ಮದರ್ಶಕದ ಮುಂದೆ ಕೂರಿಸಿ ಸೀಸೆ ಇಟ್ಟುಕೊಟ್ಟೆ. ಬಹಳ ಹೊತ್ತು ನೋಡಿದರು.

"ನನ್ನ ಹಾಗೇನೂ ಕಾಣಲ್ಲ" ಅಂದರು.

ಅವರ ತಮ್ಮನೂ ಬಗ್ಗಿ ನೋಡಿದರು. "ಏನಣ್ಣ ಇದು, ಮೀನು ಮರಿ ಇದ್ದಂಗವೆ. ಇದಕ್ಕಾ ನೀನು ಅಷ್ಟು ಕಷ್ಟಪಟ್ಟಿದ್ದು?"

ಮೇಷ್ಟ್ರು ಸೀಸೆಯನ್ನು ಬೆಳಕಿಗೆ ಹಿಡಿದರು. ದ್ರವದ ಬಣ್ಣ ತಿರುಗಿದೆ, ನಿನ್ನೆಯೇ ಬದಲಾಯಿಸಬೇಕಿತ್ತು ಎಂದು ನನ್ನನ್ನು ಬೈದರು.

ಮೂತ್ರಪಿಂಡಗಳು ಚೇತರಿಸಿಕೊಳ್ಳಲಿಲ್ಲ. ಡಯಾಲಿಸಿಸ್ ಶುರುವಾಯಿತು. ಕೆಲಸ ಮುಗಿಯುವವರೆಗಾದರೂ ಅವರಿರುತ್ತಾರೆಯೇ ಎಂಬ ಪ್ರಶ್ನೆಯನ್ನು ನಾವ್ಯಾರೂ ಬಾಯಿಬಿಟ್ಟು ಕೇಳಲಿಲ್ಲ. ನಾನು ಪ್ರಯೋಗ ಮಾಡಿದೆ. ಆಧಾರದ ಕೋಶಗಳು ಬಿಟ್ಟ ಸಂದೇಶ ತುಂಬಿದ ದ್ರವವನ್ನು ಗ್ರಂಥಿಯ ಕೋಶಗಳಿಗೆ ಹಾಕಿದಾಗ ಅವು ಬೆಳೆದವು. ಅದು ಗೊತ್ತಿದ್ದದ್ದೇ. ಆಮೇಲೆ 'ಸಾಕು' ಎನ್ನುವ ಫ್ಯಾಕ್ಟರನ್ನು ಹಾಕಿದೆ. ಮೇಷ್ಟ್ರ ಊಹೆಯ ಪ್ರಕಾರ ಅವು ಕೇಳಿಸಿಕೊಳ್ಳದೆ ಬೆಳೆಯುತ್ತಲೇ ಇರಬೇಕಿತ್ತು.

ಫಲಿತಾಂಶ ಹೇಳಲು ಡಯಾಲಿಸಿಸ್ ಕೋಣೆಗೆ ಹೋದೆ. ಪಕ್ಕದಲ್ಲಿ ಯಂತ್ರ ತಿರುಗುತ್ತಿತ್ತು. ಆಂಟಿ ಕಾಫಿ ತರಲು ಕೆಳಗೆ ಹೋಗಿದ್ದರು.

"ನಿಂತ್ವಾ ಕೋಶಗಳು?" ಅಂದರು ಮೇಷ್ಟ್ರು.

"ನಿಂತ್ವು ಸರ್."

"ಎಷ್ಟು ಬೇಗ?"

"ಬೇರೆಯವರ ಕೋಶ ನಿಲ್ಲೋ ಹಾಗೇನೇ. ವ್ಯತ್ಯಾಸ ಇಲ್ಲ."

"ಇನ್ನೊಂದ್ಸಲ ಮಾಡು. ಬೇರೆ ಸೀಸೆಯಿಂದ."

ಮಾಡಿದೆ. ಮತ್ತೆ ಹೋಗಿ ಅದನ್ನೇ ಹೇಳಿದೆ. ಅವರು ಕೊಳವೆಯಲ್ಲಿ ಹೋಗುತ್ತಿದ್ದ ತಮ್ಮ ರಕ್ತವನ್ನು ನೋಡುತ್ತಿದ್ದರು.

"ಹಂಗಾದ್ರೆ ನಾನು ಅಂದ್ಕೊಂಡಿದ್ದು ತಪ್ಪು. ಹಂಗೇ ಬರಿ. ಒಬ್ಬನ ಗ್ರಂಥಿ ಅಂತಾನೂ ಬರಿ, ಅದಕ್ಕಿಂತ ಜಾಸ್ತಿ ಬರೀಬೇಡ." ಯಂತ್ರ ಒಮ್ಮೆ ಕೂಗಿ ಸುಮ್ಮನಾಯಿತು. "ಕಿವಿ ಮಂದ ಆಗಿರಲಿಲ್ಲ ಅಂದ್ರೆ, ಕೂಗೋರೇ ಇರಲಿಲ್ಲ ಅಂತಾಯ್ತು. ಅದನ್ನ ನೋಡು."

ನೋಡುತ್ತಿದ್ದೇನೆ. 'ಸಾಕು' ಎನ್ನುವ ಸಂದೇಶವನ್ನು ಮಾಡುವ ಕೋಶಗಳು ವಯಸ್ಸಾದ ಗ್ರಂಥಿಯಲ್ಲಿ ಅದನ್ನು ಮಾಡುವುದನ್ನು ಕಡಿಮೆ ಮಾಡುತ್ತವೆಯೇ ಎಂಬುದೇ ನಾನೀಗ ಮಾಡುತ್ತಿರುವ ಕೆಲಸ. ಉಳಿದ ಕೆಲಸದ ಆಯುಸ್ಸನ್ನೆಲ್ಲ ಅದು ತಿನ್ನಬಹುದು. ಅವರ ಋಣ ಎಂದು ಏನನ್ನಾದರೂ ಹೇಳಬೇಕಾದರೆ ಅದು ಡಯಾಲಿಸಿಸ್ ಕೋಣೆಯ ಆ ಒಂದೆರಡು ಮಾತು. ಅಷ್ಟನ್ನು ಕೊಡಲು ಅವರು ಮೂತ್ರಪಿಂಡ ಕೊಟ್ಟರು ಅಂತ ನಾನು ಬರೆಯುವುದಿಲ್ಲ. ಆ ಎರಡರ ನಡುವೆ ಅಂಥ ಸಂಬಂಧವಿಲ್ಲ. ಆ ಮಾತನ್ನು ಅವರು ಆರೋಗ್ಯವಾಗಿದ್ದುಕೊಂಡೂ ಹೇಳಬಹುದಿತ್ತು.

ಒಂದು ಜ್ವರ ಬಂತು, ಇಳಿಯಲಿಲ್ಲ. ಮೇಷ್ಟ್ರು ಹೋದರು. ಚಿತಾಗಾರದಲ್ಲಿ ತಮ್ಮ ಅಳುತ್ತಿದ್ದರು, ನಾನು ಚಪ್ಪಲಿ ಬಿಟ್ಟ ಜಾಗ ಮರೆತು ಹುಡುಕುತ್ತಿದ್ದೆ. ಮರುದಿನ ಪ್ರಯೋಗಾಲಯಕ್ಕೆ ಬಂದು ಅವರ ಕೋಶಗಳ ದ್ರವ ಬದಲಾಯಿಸಿದೆ. ಬದಲಾಯಿಸುವ ದಿನವಾಗಿತ್ತು.

ದೇಹದಿಂದ ಹೊಸದಾಗಿ ತೆಗೆದ ಕೋಶಗಳು ಸೀಸೆಯಲ್ಲಿ ಎಂದೆಂದಿಗೂ ಬೆಳೆಯುವುದಿಲ್ಲ. ಕೆಲವು ಪೀಳಿಗೆಗಳಾದ ಮೇಲೆ ಅಗಲವಾಗಿ ಹರಡಿಕೊಂಡು ನಿಂತುಬಿಡುತ್ತವೆ. ಅವರ ಗ್ರಂಥಿಯ ಕೋಶಗಳು ಬೇಗ ಮುಗಿದವು. ಆಧಾರದ ಕೋಶಗಳ ಒಂದು ಸೀಸೆ ಉಳಿಯಿತು. ಅದರಿಂದ ಮಾಡುವ ಕೆಲಸ ಏನೂ ಉಳಿದಿರಲಿಲ್ಲ. ಆದರೂ ದ್ರವ ಬದಲಾಯಿಸುತ್ತಿದ್ದೆ.

ಒಂದು ಮಧ್ಯಾಹ್ನ ಆಂಟಿ ಬಂದರು, ಮೇಷ್ಟ್ರ ಮೇಜಿನಲ್ಲಿದ್ದ ಕನ್ನಡಕ ತೆಗೆದುಕೊಂಡು ಹೋಗಲು. ಕನ್ನಡಕವನ್ನು ಕೈಚೀಲಕ್ಕೆ ಹಾಕಿಕೊಂಡ ಮೇಲೆ ಗಾಜಿನ ಕೋಣೆಯ ಕಡೆ ನೋಡಿದರು.

"ಅದು ಇನ್ನೂ ಇದ್ಯಾ?"

"ಇದೆ ಆಂಟಿ. ಒಂದು ಸೀಸೆ."

"ಬೆಳೀತಿದ್ಯಾ?"

"ಇಲ್ಲ. ನಿಂತಿದೆ. ಸತ್ತಿಲ್ಲ."

"ಅಲ್ಲಿ ಬೂದಿ ಬಿಟ್ಟು ಬಂದಾಯ್ತು. ಇಲ್ಲಿ ಇದು." ಅವರು ಮೇಷ್ಟ್ರ ಕುರ್ಚಿಯಲ್ಲಿ ಕೂತರು. "ನಿಜ ಹೇಳು. ಅವರು ಕಾದಿದ್ದಕ್ಕೆ ಏನಾದ್ರೂ ಸಿಕ್ತಾ?"

"ಅವರು ಅಂದ್ಕೊಂಡಿದ್ದು ತಪ್ಪು ಅಂತ ಗೊತ್ತಾಯ್ತು."

"ಅಷ್ಟೇನಾ?"

"ಸದ್ಯಕ್ಕೆ ಅಷ್ಟೆ."

"ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತು. ಇನ್ನೊಂದ್ಸಲ ಮಾಡಿಸಿ ನೋಡಿದ್ರು."

ಆಂಟಿ ಮೇಜಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು. "ಚೆನ್ನಾಗಿ ಬಂದಿದೆ ಅಂದಿದ್ರು ನನ್ನ ಹತ್ರ. ನಾನು ಕಾಫಿ ತಂದಾಗ. ಅಷ್ಟೇ ಅಂದಿದ್ದು, ಮತ್ತೆ ಆ ಮಾತೇ ಎತ್ತಲಿಲ್ಲ."

ಅದು ಹೆಂಡತಿಯನ್ನು ಸಮಾಧಾನಪಡಿಸಲು ಮೇಷ್ಟ್ರು ಹೇಳಿದ್ದೋ, ಪ್ರಯೋಗ ಸ್ಪಷ್ಟವಾಗಿ ಬಂದಿದೆ ಎಂದು ಹೇಳಿದ್ದೋ, ಇಲ್ಲ ಆಂಟಿಯ ನೆನಪಿನಲ್ಲಿ ಆಮೇಲೆ ಹುಟ್ಟಿಕೊಂಡ ಮಾತೋ, ಆರಿಸುವ ಹಕ್ಕು ನನಗಿದೆ ಅನ್ನಿಸಲಿಲ್ಲ.

"ಅದನ್ನ ತೆಗೆದುಬಿಡಮ್ಮ" ಎಂದರು ಆಂಟಿ. "ಸಾಕು."

ಅವರು ಗಾಜಿನ ಹೊರಗೆ ನಿಂತರು. ನಾನು ಸೀಸೆಯನ್ನು ಬೆಚ್ಚಗಿನ ಪೆಟ್ಟಿಗೆಯಿಂದ ತೆಗೆದು, ಮುಚ್ಚಳ ತಿರುಗಿಸಿ, ಬ್ಲೀಚ್ ಸುರಿದೆ. ಕೆಂಪು ದ್ರವ ಬಣ್ಣ ಕಳೆದುಕೊಂಡು ನೀರಿನಂತಾಯಿತು. ನಿಯಮದ ಪ್ರಕಾರ ಸ್ವಲ್ಪ ಹೊತ್ತು ಬಿಡಬೇಕು, ಬಿಟ್ಟೆ. ಸಿಂಕಿಗೆ ಚೆಲ್ಲಿ ನಲ್ಲಿ ಬಿಟ್ಟೆ. ಹೊರಗೆ ಬಂದಾಗ ಆಂಟಿ, "ಆಯ್ತಾ?" ಅಂದರು. "ಆಯ್ತು" ಅಂದೆ.

ಕೆಳಗಿಳಿದು ಆಟೋ ಹುಡುಕಿದೆವು. ಮೊದಲನೆಯವನು ಹನುಮಂತನಗರ ಅಂದ ಕೂಡಲೇ ತಲೆಯಾಡಿಸಿ ಹೋದ. ಇನ್ನೊಬ್ಬ ಒಪ್ಪಿದ. ಆಂಟಿ ಹತ್ತಿ ಕೂತು, ಸೀರೆಯ ಅಂಚನ್ನು ಒಳಗೆ ಎಳೆದುಕೊಂಡು, ಕೈಚೀಲವನ್ನು ಮಡಿಲಿಗಿಟ್ಟುಕೊಂಡರು. ಆಮೇಲೆ ತಲೆ ಹೊರಗೆ ಹಾಕಿ ನನ್ನ ಮಣಿಕಟ್ಟು ಹಿಡಿದರು.

"ನಿಂಗೇನಾದ್ರೂ ತೊಂದ್ರೆ ಬಂದ್ರೆ ಮೊದಲೇ ಹೋಗಿ ತೋರಿಸ್ಕೊ. ಏನೇ ಇರ್ಲಿ. ಗೊತ್ತಾಯ್ತಾ?"

"ತೋರಿಸ್ಕೋತೀನಿ ಆಂಟಿ."

"ಬರೀ ಹೂಂ ಅನ್ಬೇಡ. ಅವರೂ ಹೂಂ ಅಂತಿದ್ರು" ಎಂದು ಕೈ ಬಿಟ್ಟರು. ಆಟೋ ಹೊರಟಿತು.